ಹಳೆಯ ಕಾರಿಗೆ ಹೊಸ ಕಮಾನು

1968ರಲ್ಲಿ ತೆರೆಕಂಡ 'ಬುಲಿಟ್' ಎಂಬ ಅಮೆರಿಕನ್ ಚಿತ್ರದಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಏರಿಳಿತದ ಬೀದಿಗಳಲ್ಲಿ ಎರಡು ಕಾರುಗಳ ಬೆನ್ನಟ್ಟುವ ದೃಶ್ಯವೊಂದಿದೆ. ಒಂದು ಫೋರ್ಡ್ ಮಸ್ಟಾಂಗ್, ಇನ್ನೊಂದು ಡಾಜ್ ಚಾರ್ಜರ್. 2001ರಿಂದ ಬರತೊಡಗಿದ 'ಫಾಸ್ಟ್ ಅಂಡ್ ಫ್ಯೂರಿಯಸ್' ಚಿತ್ರಮಾಲೆಯನ್ನು ಕಂಡ ನಮ್ಮ ಹುಡುಗ ಹುಡುಗಿಯರಿಗೂ 1970ರ ಕರಿಯ ಚಾರ್ಜರ್ ಕಾರು ಹಳೆಯ ಗೆಳೆಯನಷ್ಟೇ ಪರಿಚಿತ. ಇಂಥ ಕಾರುಗಳ ಎಂಜಿನ್ನಿನ ಬಗ್ಗೆ ಗಂಟೆಗಟ್ಟಲೆ ಮಾತನಾಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಆದರೆ ಅವುಗಳ ಹಿಂದಿನ ಗಾಲಿಗಳನ್ನು ಹಿಡಿದು ನಿಲ್ಲಿಸಿದ ಉಕ್ಕಿನ ಪಟ್ಟಿಗಳ ಬಗ್ಗೆ ಮಾತನಾಡುವವರು ಕಡಿಮೆ. ಈ ಬಾರಿ ಆ ಪಟ್ಟಿಗಳ ಕಥೆಯನ್ನೇ ಹೇಳೋಣ.

ಮಸಲ್ ಕಾರ್ ಎಂದರೆ ತೋಳ್ಬಲದ ಕಾರು. ಸಾಧಾರಣ ಗಾತ್ರದ ಎರಡು ಬಾಗಿಲಿನ ಕಾರಿಗೆ ಎಂಟು ಸಿಲಿಂಡರಿನ ಭಾರಿ ಎಂಜಿನ್ ಕೂಡಿಸಿ, ಯುವಕರ ಕೈಗೆಟಕುವ ಬೆಲೆಗೆ ಮಾರಿದ ವಾಹನ ಅದು. 1964ರ ಪಾಂಟಿಯಾಕ್ ಜಿ.ಟಿ.ಓ. ಕಾರನ್ನು ಈ ಪರಂಪರೆಯ ಮೊದಲಿಗನೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ವಿಮೆಯ ದರ ಏರಿತು, ಹೊಗೆಯ ಕಾನೂನು ಬಿಗಿಯಾಯಿತು, 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಅಲ್ಲಿಗೆ ಆ ಯುಗ ಮುಗಿಯಿತು. ಆದರೆ ಕಾರುಗಳು ಮುಗಿಯಲಿಲ್ಲ. ಇಂದಿಗೂ ಅಮೆರಿಕದ ಸಾವಿರಾರು ಮನೆಗಳ ಗ್ಯಾರೇಜಿನಲ್ಲಿ ಮಾಲೀಕರೇ ಕೈ ಕೊಳೆ ಮಾಡಿಕೊಂಡು ಅವನ್ನು ಜೀವಂತವಾಗಿಟ್ಟಿದ್ದಾರೆ.

ಕಮಾನು ಎಂದರೇನು?

ಕಮಾನು ಎಂದರೆ ಬಿಲ್ಲು. ಬಿಲ್ಲಿನಂತೆ ಬಾಗಿದ ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ನಡುವೆ ಒಂದು ಬೋಲ್ಟ್ ಹಾಕಿ ಬಿಗಿದರೆ ಅದೇ ಲೀಫ್ ಸ್ಪ್ರಿಂಗ್. ಲಾರಿಯವರ ಬಾಯಲ್ಲಿ ಇದು 'ಬ್ಲೇಡು', ಕೆಲವು ಕಡೆ 'ಪಟ್ಟಾ'. ಮುಂಬಯಿಯ ಗ್ಯಾರೇಜುಗಳಲ್ಲಿ 'ಕಮಾನಿ'. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಉದ್ದದ ಪಟ್ಟಿಯ ಎರಡು ತುದಿಗಳನ್ನು ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣು ಕಾರಿನ ಮೈಗೆ ಒಂದೇ ಜಾಗದಲ್ಲಿ ಕಚ್ಚಿಕೊಂಡಿರುತ್ತದೆ. ಹಿಂದಿನ ಕಣ್ಣು ಶ್ಯಾಕಲ್ ಎಂಬ ತೂಗುವ ಕೊಂಡಿಗೆ ಜೋಡಿಸಲ್ಪಟ್ಟಿರುತ್ತದೆ. ಕೊಂಡಿ ಏಕೆ ತೂಗಬೇಕು? ಭಾರ ಬಿದ್ದಾಗ ಬಾಗಿದ ಪಟ್ಟಿ ನೆಟ್ಟಗಾಗುತ್ತದೆ, ನೆಟ್ಟಗಾದರೆ ಉದ್ದವಾಗುತ್ತದೆ. ಆ ಹೆಚ್ಚಿನ ಉದ್ದಕ್ಕೆ ಜಾಗ ಬೇಕಲ್ಲ!

ಇದು ಹೊಸ ಯುಕ್ತಿಯೇನಲ್ಲ. ಕುದುರೆಗಾಡಿಯ ಕಾಲದಿಂದ ಬಂದದ್ದು. ನಮ್ಮ ಜಟಕಾಗಳ ಕೆಳಗೂ ಇದೇ ಕಮಾನು ಇತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಅದು ಅಡ್ಡಲಾಗಿ ಕೂತಿತ್ತು. 2014ರವರೆಗೆ ತಯಾರಾದ ನಮ್ಮ ಅಂಬಾಸಿಡರ್ ಕಾರಿನ ಹಿಂಬದಿಗೂ, 2023ರ ಅಕ್ಟೋಬರಿನಲ್ಲಿ ಮುಂಬಯಿ ರಸ್ತೆಗಳಿಂದ ಟ್ಯಾಕ್ಸಿಯಾಗಿ ಬೀಳ್ಕೊಂಡ ಪ್ರೀಮಿಯರ್ ಪದ್ಮಿನಿಗೂ ಇದೇ ಆಧಾರ. ಚಾರ್ಜರ್ ಕಾರಿಗೆ ಮುಂದೆ ಟಾರ್ಶನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್. ಅಂಬಾಸಿಡರಿಗೂ ಹಾಗೆಯೇ ಎಂದರೆ ಹಲವರಿಗೆ ಅಚ್ಚರಿಯಾದೀತು. ಅಶ್ವಶಕ್ತಿಯಲ್ಲಿ ಅಜಗಜಾಂತರ, ಕೂತ ಕಾಲು ಮಾತ್ರ ಒಂದೇ ಬಗೆಯದು!

ಎರಡು ಕೆಲಸ, ಒಂದು ಸಂಬಳ

ಸುರುಳಿ ಸ್ಪ್ರಿಂಗ್ ಭಾರವನ್ನು ಹೊರುತ್ತದೆ, ಅಷ್ಟೆ. ಆ್ಯಕ್ಸಲನ್ನು ಅದರ ಸ್ಥಾನದಲ್ಲಿ ಹಿಡಿದಿಡಲು ಬೇರೆ ಸರಳುಗಳು ಬೇಕು. ಜಿ.ಟಿ.ಓ. ಕಾರಿನ ಹಿಂಬದಿಯ ಏರ್ಪಾಡು ಅಂಥದ್ದು. ಮಸ್ಟಾಂಗ್, ಕ್ಯಾಮರೋ, ಚಾರ್ಜರ್ ಕಾರುಗಳಲ್ಲಿ ಹಾಗಲ್ಲ. ಭಾರ ಹೊರುವುದೂ ಕಮಾನು, ಆ್ಯಕ್ಸಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದೂ ಅದೇ ಕಮಾನು. ಆದ್ದರಿಂದಲೇ ಅದು ಕೆಟ್ಟರೆ ಸವಾರಿಯ ಸುಖ ಮಾತ್ರವಲ್ಲ, ಗಾಲಿಯ ದಿಕ್ಕೇ ತಪ್ಪಬಹುದು.

ಚಾಲಕ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿದಾಗ ಗಾಲಿ ಮುಂದಕ್ಕೆ ತಿರುಗುತ್ತದೆ, ಅದಕ್ಕೆದುರಾಗಿ ಆ್ಯಕ್ಸಲಿನ ಕವಚ ಹಿಂದಕ್ಕೆ ತಿರುಗಲು ಹವಣಿಸುತ್ತದೆ. ಆ ತಿರುಚನ್ನು ತಡೆಯಬೇಕಾದದ್ದೂ ಪಟ್ಟಿಯೇ. ಪಟ್ಟಿ ತೆಳುವಾಗಿದ್ದರೆ ಹಾವಿನಂತೆ ಬಳುಕಿ, ಟೈರು ಹಿಡಿತ ಬಿಟ್ಟೊಡನೆ ಮತ್ತೆ ನೆಟ್ಟಗಾಗುತ್ತದೆ. ಮತ್ತೆ ಹಿಡಿತ, ಮತ್ತೆ ಬಳುಕು. ಹೀಗೆ ಹಿಂದಿನ ಗಾಲಿಗಳು ಕಪ್ಪೆಯಂತೆ ಕುಪ್ಪಳಿಸತೊಡಗುತ್ತವೆ. 1967ರ ಕ್ಯಾಮರೋ ಕಾರಿಗೆ ಒಂದೊಂದು ಬದಿಗೆ ಒಂದೇ ಪಟ್ಟಿ ಇತ್ತು; ಈ ಕುಪ್ಪಳಿಕೆಯ ದೂರು ಜೋರಾಗಿಯೇ ಬಂತು. 1968ರಲ್ಲಿ ಹೆಚ್ಚು ಶಕ್ತಿಯ ಮಾದರಿಗಳಿಗೆ ಹಲವು ಪಟ್ಟಿಗಳ ಕಮಾನು ಹಾಕಿ, ಶಾಕ್ ಅಬ್ಸಾರ್ಬರುಗಳಲ್ಲಿ ಒಂದನ್ನು ಆ್ಯಕ್ಸಲಿನ ಮುಂದೆ, ಇನ್ನೊಂದನ್ನು ಹಿಂದೆ ಕೂಡಿಸಿದರು. ಕ್ರೈಸ್ಲರ್ ಬಳಗದವರು ಆ್ಯಕ್ಸಲನ್ನು ಕಮಾನಿನ ನಡುಮಧ್ಯದಲ್ಲಿಡದೆ ಮುಂದಕ್ಕೆ ಇಟ್ಟರು. ಮುಂಭಾಗ ಗಿಡ್ಡವಾಗಿ ಗಟ್ಟಿಯಾಯಿತು, ತಿರುಚು ತಗ್ಗಿತು.

ಬದಲಾಯಿಸುವ ಹೊತ್ತು

ಕಾರು ಬಾಲ ಇಳಿಸಿ ನಿಂತಿದೆಯೇ? ರಾತ್ರಿ ಹೆಡ್‌ಲೈಟು ರಸ್ತೆಯ ಬದಲು ಮರದ ಕೊಂಬೆ ತೋರಿಸುತ್ತಿದೆಯೇ? ಸಣ್ಣ ಗುಂಡಿಗೂ ಹಿಂದಿನಿಂದ 'ಧಡ್' ಎಂಬ ಸದ್ದು ಬರುತ್ತಿದೆಯೇ? ಪಟ್ಟಿ ದಣಿದಿದೆ ಅಥವಾ ತುಂಡಾಗಿದೆ ಎಂದರ್ಥ. ತುಂಡಾದ ಪಟ್ಟಿಗೆ ವೆಲ್ಡಿಂಗ್ ಮಾಡಿಸುವ ಅಗ್ಗದ ದಾರಿ ಹಿಡಿಯಬಾರದು. ಸ್ಪ್ರಿಂಗ್ ಉಕ್ಕಿನ ಗುಣವೆಲ್ಲ ಅದಕ್ಕೆ ಕೊಟ್ಟ ಹದದಲ್ಲಿದೆ. ಬೆಂಕಿ ತಾಗಿದ ಜಾಗದಲ್ಲಿ ಹದ ಹೋಗುತ್ತದೆ, ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಒಂದು ಬದಿ ಮಾತ್ರ ಬದಲಿಸುವುದೂ ಸಲ್ಲದು. ಹೊಸ ಎತ್ತು, ಮುದಿ ಎತ್ತು ಒಂದೇ ನೊಗಕ್ಕೆ ಕಟ್ಟಿದ ಹಾಗಾದೀತು.

ಈಗ ಕೆಲಸಕ್ಕೆ ಬರೋಣ. ಹಿಂದಿನ ದಿನವೇ ಎಲ್ಲ ನಟ್ಟು ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಬೇಕು. ಐವತ್ತು ವರ್ಷದ ತುಕ್ಕು ಒಂದೇ ಗಳಿಗೆಯಲ್ಲಿ ಬಿಡುವುದಿಲ್ಲ. ಎರಡೂ ಬದಿಯಲ್ಲಿ ಗಾಲಿಯ ಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರ ಅಳೆದು ಬರೆದುಕೊಳ್ಳಬೇಕು. ಮರುದಿನ ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಅಡೆ ಕೊಟ್ಟು, ಹಿಂಭಾಗ ಎತ್ತಿ, ಕಾರಿನ ಮೈಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂಡಿಸಬೇಕು. ಬರೀ ಜಾಕಿನ ಭರವಸೆಯಲ್ಲಿ ಕಾರಿನ ಕೆಳಗೆ ತಲೆ ಹಾಕಬಾರದು. ಜಾಕು ಜಾರಲು ಒಂದು ಕ್ಷಣ ಸಾಕು. ಮನೆಯವರ ಕಣ್ಣೀರಿಗೆ ಕೊನೆಯಿಲ್ಲ. ಇಟ್ಟಿಗೆ, ಕಲ್ಲುಗಳನ್ನಂತೂ ನಂಬಲೇಬಾರದು. ಅವು ಹೇಳದೆ ಕೇಳದೆ ಸೀಳುತ್ತವೆ.

ಜಾಕನ್ನು ಈಗ ಆ್ಯಕ್ಸಲಿನ ಕೆಳಗೆ ತಂದು ಅದರ ಭಾರ ಹಿಡಿಯಬೇಕು. ಬ್ರೇಕಿನ ರಬ್ಬರ್ ನಳಿಕೆಯ ಮೇಲೆ ಆ್ಯಕ್ಸಲ್ ಜೋತು ಬೀಳದಂತೆ ಎಚ್ಚರ ವಹಿಸಬೇಕು. ಒಮ್ಮೆಗೆ ಒಂದೇ ಬದಿ ಬಿಚ್ಚುವುದು ಜಾಣತನ. ಇನ್ನೊಂದು ಬದಿಯ ಕಮಾನು ಆ್ಯಕ್ಸಲನ್ನು ಸ್ವಸ್ಥಾನದಲ್ಲಿ ಹಿಡಿದಿರುತ್ತದೆ. ಶಾಕ್ ಅಬ್ಸಾರ್ಬರಿನ ಕೆಳತುದಿ, ಆಮೇಲೆ ಕಮಾನನ್ನು ಆ್ಯಕ್ಸಲಿಗೆ ಕಟ್ಟಿದ ಯು ಬೋಲ್ಟುಗಳು, ಕೆಳಗಿನ ತಟ್ಟೆ, ಹಿಂದಿನ ಶ್ಯಾಕಲ್, ಕೊನೆಗೆ ಮುಂದಿನ ಕಣ್ಣಿನ ಬೋಲ್ಟು: ಇದು ಬಿಚ್ಚುವ ಕ್ರಮ. ಈ ಕೊನೆಯದೇ ಸಾಮಾನ್ಯವಾಗಿ ಹಟಮಾರಿ. ಒಳಗಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಕೆಲವೊಮ್ಮೆ ಕತ್ತರಿಸದೆ ಬೇರೆ ಗತಿಯಿರುವುದಿಲ್ಲ.

ಹೊಸದನ್ನು ಕೂಡಿಸುವಾಗ ಯಾವುದು ಮುಂದಿನ ತುದಿ, ಯಾವುದು ಎಡ, ಯಾವುದು ಬಲ ಎಂದು ನೋಡಿಕೊಳ್ಳಬೇಕು. ಕ್ರೈಸ್ಲರ್ ಬಳಗದ ಕೆಲವು ಭಾರಿ ಎಂಜಿನ್ನಿನ ಕಾರುಗಳಲ್ಲಿ ಎರಡು ಬದಿಯ ಕಮಾನುಗಳು ಬೇರೆ ಬೇರೆ. ಮೊದಲು ಮುಂದಿನ ಕಣ್ಣು, ಆಮೇಲೆ ಶ್ಯಾಕಲ್, ಎರಡನ್ನೂ ಸಡಿಲವಾಗಿಯೇ ತೊಡಿಸಬೇಕು. ಬಳಿಕ ಆ್ಯಕ್ಸಲನ್ನು ಮೆಲ್ಲಗೆ ತಂದು, ಕಮಾನಿನ ನಡುಬೋಲ್ಟಿನ ತಲೆ ಆ್ಯಕ್ಸಲಿನ ಪೀಠದ ತೂತಿನಲ್ಲಿ ಸರಿಯಾಗಿ ಕೂಡುವಂತೆ ನೋಡಬೇಕು. ಈ ಪುಟ್ಟ ತಲೆಯೇ ಆ್ಯಕ್ಸಲಿನ ವಿಳಾಸ. ಅದು ಕೂಡದಿದ್ದರೆ ಕಾರು ಏಡಿಯಂತೆ ಓರೆಯಾಗಿ ಓಡೀತು. ಯು ಬೋಲ್ಟುಗಳು ಒಮ್ಮೆ ಬಿಗಿದಾಗ ಹಿಗ್ಗಿರುತ್ತವೆ, ಆದ್ದರಿಂದ ಹೊಸವನ್ನೇ ಹಾಕಬೇಕು. ನಾಲ್ಕು ನಟ್ಟುಗಳನ್ನು ಒಂದಿಷ್ಟು ಇದು, ಒಂದಿಷ್ಟು ಅದು ಎಂದು ಓರೆಕೋರೆಯಾಗಿ, ಸಮನಾಗಿ, ಆ ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು.

ಕೊನೆಯ ಗುಟ್ಟು

ಇಷ್ಟಾದಾಗ ಕೆಲಸ ಮುಗಿಯಿತೆಂದು ಮುಂದಿನ ಕಣ್ಣು ಮತ್ತು ಶ್ಯಾಕಲ್ ಬೋಲ್ಟುಗಳನ್ನೂ ಬಿಗಿದು ಕೈತೊಳೆಯಲು ಮನಸ್ಸು ಎಳೆಯುತ್ತದೆ. ಅವಸರವೇ ಅಪಘಾತಕ್ಕೆ ಕಾರಣ ಎಂಬ ರಸ್ತೆಬದಿಯ ಬರಹ ಇಲ್ಲಿಗೂ ಸಲ್ಲುತ್ತದೆ. ಕಣ್ಣಿನೊಳಗೆ ರಬ್ಬರಿನ ಬುಷ್ ಇದೆ. ಬೋಲ್ಟು ಬಿಗಿದ ಭಂಗಿಯೇ ಅದರ ವಿಶ್ರಾಂತಿಯ ಭಂಗಿ. ಕಾರು ಮೇಲಿರುವಾಗ, ಕಮಾನು ಜೋತಾಡುತ್ತಿರುವಾಗ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದ ಆ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇರಬೇಕಾಗುತ್ತದೆ. ಕಾರಿನ ಹಿಂಭಾಗ ಎತ್ತರವಾಗಿ ನಿಲ್ಲುತ್ತದೆ, ರಬ್ಬರು ಬೇಗ ಹರಿಯುತ್ತದೆ. ಆದ್ದರಿಂದ ಗಾಲಿ ಹಾಕಿ, ಕಾರನ್ನು ತನ್ನ ಕಾಲ ಮೇಲೆ ನಿಲ್ಲಿಸಿ, ಒಂದೆರಡು ಸಲ ಅದುಮಿ ಕುಲುಕಿ, ಪೂರ್ತಿ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ. ಎತ್ತರ ಮತ್ತೆ ಅಳೆದು ಹಳೆಯ ಲೆಕ್ಕದೊಡನೆ ಹೋಲಿಸಬೇಕು. ಕೆಲವು ದಿನ ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂತು ಹೊಂದಿಕೊಂಡಂತೆ ನಟ್ಟು ಸಡಿಲವಾಗುವುದುಂಟು.

ಯುವ ಮಿತ್ರರೇ, ನಮ್ಮಲ್ಲಿ ಬಹುಮಂದಿಗೆ ಚಾರ್ಜರ್ ಕಾರಿನ ಕೆಳಗೆ ಮಲಗುವ ಯೋಗ ಬರಲಿಕ್ಕಿಲ್ಲ. ಆದರೆ ನಿಮ್ಮ ಊರಿನ ಲಾರಿ ಅಡ್ಡೆಗೆ ಒಂದು ಭಾನುವಾರ ಹೋಗಿ ನೋಡಿ. ಅಲ್ಲಿನ ಕಮಾನು ಕೆಲಸದವರು ಇದೇ ನಡುಬೋಲ್ಟು, ಇದೇ ಯು ಬೋಲ್ಟು, ಇದೇ ಶ್ಯಾಕಲ್ಲಿನೊಡನೆ ದಿನವಿಡೀ ಗುದ್ದಾಡುತ್ತಿರುತ್ತಾರೆ. ಅಮೆರಿಕದಲ್ಲಿ ಹವ್ಯಾಸವೆಂದು ಹೆಮ್ಮೆಪಡುವ ವಿದ್ಯೆ ಇಲ್ಲಿ ಹೊಟ್ಟೆಪಾಡು. ಹತ್ತಿರ ನಿಂತು, 'ಅಣ್ಣಾ, ಇದನ್ನು ಕೊನೆಗೇ ಏಕೆ ಬಿಗಿಯುತ್ತೀರಿ?' ಎಂದು ಆ ಊರಿನ ಭಾಷೆಯಲ್ಲೇ ಒಂದು ಪ್ರಶ್ನೆ ಕೇಳಿ. ಪುಸ್ತಕ ಓದಿ ಕಲಿತದ್ದಕ್ಕಿಂತ ಹೆಚ್ಚು ಆ ಅರ್ಧ ಗಂಟೆಯಲ್ಲಿ ತಿಳಿದೀತು. ಪಾನಾ ಕೈಗೆ ಕೊಟ್ಟರೆ ಬೇಡವೆನ್ನಬೇಡಿ.