ಒಂದು ಗಂಟೆಯ ದಾರಿಯಾಚೆ

ಮನೆಯಲ್ಲಿ ಒಬ್ಬರಿಗೆ ಘೋರ ವ್ಯಾಧಿ ಬಂದಾಗ ಬಂಧುಬಾಂಧವರೆಲ್ಲರ ಚಿತ್ತ ಆ ಕಡೆಗೆ ಹರಿಯುತ್ತದೆ. ವ್ಯಾಧಿ ಗುಣವಾಯಿತೆಂದು ತಿಳಿದೊಡನೆ ‘ದೊಡ್ಡ ಗಂಡಾಂತರ ಕಳೆಯಿತು’ ಎಂದು ಹೇಳಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ತೆರಳುತ್ತಾರೆ. ಆದರೆ ಗಂಡಾಂತರ ಕಳೆದ ಮನೆಯೂ ಒಂದು ಬಗೆಯ ಶುಶ್ರೂಷೆಯನ್ನು ಬೇಡುತ್ತದೆ. ಈ ಸತ್ಯವನ್ನು ಬಹುಕಾಲ ಶಾಸ್ತ್ರ ಓದಿದ ನಮಗೆ ಕಲಿಸಿದವರು ಇಬ್ಬರು ಮಕ್ಕಳು. ಆ ಸಂಗತಿಯನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬುದು ನಮ್ಮ ಅಪೇಕ್ಷೆ.

2017ರ ಬೇಸಿಗೆಯಲ್ಲಿ ಉಪನ್ಯಾಸದ ನಿಮಿತ್ತ ನಾವು ಇಂಗ್ಲೆಂಡಿಗೆ ಹೋಗಿದ್ದೆವು. ಅಲ್ಲಿ ಧಾರವಾಡ ಕಡೆಯ ಪರಿಚಿತ ಕುಟುಂಬವೊಂದರಲ್ಲಿ ಮೂರು ದಿನ ತಂಗಿದೆವು. ಮೊದಲನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ ಹೊರಬಂದಾಗ ಆ ಮನೆಯ ಎಂಟು ವರ್ಷದ ಮಗಳು ಬಣ್ಣಬಣ್ಣದ ಮಣಿಗಳ ಬಲು ಉದ್ದವಾದ ಸರವೊಂದನ್ನು ನಮ್ಮೆದುರು ಹರಡಿದಳು. ಆಟದ ಸರವಿರಬೇಕೆಂದು ನಾವು ಎಣಿಸಿದೆವು. ಬಾಲಿಕೆ ಬೆರಳಿಟ್ಟು ವಿವರಿಸಿದಳು:

“ಅಜ್ಜಾ, ಕರೀ ಮಣಿ ಅಂದ್ರ ಸೂಜಿ ಚುಚ್ಚಿದ್ದು. ಬಿಳೀದು ಕೀಮೋ. ಹಳದಿ ಅಂದ್ರ ದವಾಖಾನ್ಯಾಗ ಮಲಗಿದ ರಾತ್ರಿ. ಕೆಂಪು ಅಂದ್ರ ರಕ್ತ ಏರಿಸಿದ್ದು.”

ಅಮೆರಿಕದಲ್ಲಿ ಆರಂಭವಾಗಿ ಬ್ರಿಟನ್ನಿಗೂ ಬಂದ ‘ಬೀಡ್ಸ್ ಆಫ್ ಕರೇಜ್’ ಎಂಬ ಪದ್ಧತಿಯಂತೆ, ಚಿಕಿತ್ಸೆಯ ಒಂದೊಂದು ಕಷ್ಟಕ್ಕೂ ಒಂದೊಂದು ಮಣಿಯನ್ನು ಮಗುವಿಗೆ ಕೊಡುತ್ತಾರೆ. ಕರಿಯ ಮಣಿಗಳನ್ನು ಎಣಿಸಲು ತೊಡಗಿದ ನಾವು ನೂರರ ಆಚೆಗೆ ಎಣಿಸಲಾರದೆ ನಿಲ್ಲಿಸಿದೆವು.

ವರ್ತುಲದೊಳಗಿನ ಬದುಕು

2015ರ ಆರಂಭದಲ್ಲಿ ಆ ಮಗುವಿಗೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇರುವುದು ತಿಳಿದಿತ್ತು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದುದು ಇದೇ. 1960ರ ಸುಮಾರಿಗೆ ಈ ರೋಗದಿಂದ ಬದುಕಿ ಉಳಿಯುವ ಮಕ್ಕಳು ಬೆರಳೆಣಿಕೆಯಷ್ಟು. ಇಂದು ಮುಂದುವರಿದ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರೆ. ಆದರೆ ಈ ಜಯದ ದಾರಿ ದೀರ್ಘವಾದುದು. ಮೊದಲ ತಿಂಗಳುಗಳ ಉಗ್ರ ಚಿಕಿತ್ಸೆಯ ತರುವಾಯ ಮರ್ಕ್ಯಾಪ್ಟೊಪ್ಯೂರಿನ್ ಗುಳಿಗೆಯನ್ನು ನಿತ್ಯವೂ, ಮೆಥೊಟ್ರೆಕ್ಸೇಟ್ ಔಷಧವನ್ನು ವಾರಕ್ಕೊಮ್ಮೆಯೂ ಕೊಡುತ್ತ, ಒಟ್ಟು ಎರಡು ವರ್ಷಗಳಿಗೂ ಮಿಗಿಲಾಗಿ ಚಿಕಿತ್ಸೆ ನಡೆಯುತ್ತದೆ.

ಆ ಕಾಲದಲ್ಲಿ ಮಗುವಿಗೆ ರೋಗನಿರೋಧಕ ಶಕ್ತಿ ಕಡಿಮೆ. ಮೈಯ ಶಾಖ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಾತ್ರಿಯೆನ್ನದೆ ಹಗಲೆನ್ನದೆ ಆಸ್ಪತ್ರೆಗೆ ಧಾವಿಸಬೇಕು. ಆದುದರಿಂದ ಆ ದಂಪತಿಗಳು ಆಸ್ಪತ್ರೆಯಿಂದ ಒಂದು ಗಂಟೆಯ ದಾರಿಗಿಂತ ಆಚೆ ಹೋಗಬಾರದೆಂದು ತಮಗೆ ತಾವೇ ನಿಯಮ ಹಾಕಿಕೊಂಡಿದ್ದರು. ಬಾಗಿಲ ಬಳಿ ಬಟ್ಟೆಯ ಚೀಲವೊಂದು ಸದಾ ಸಿದ್ಧವಾಗಿರುತ್ತಿತ್ತು. ತಾಯಿಯ ಕೈಚೀಲದಲ್ಲಿ ಥರ್ಮಾಮೀಟರ್. ಹನ್ನೊಂದು ವರ್ಷದ ಹಿರಿಯ ಮಗ ಅದೆಷ್ಟೋ ರಾತ್ರಿಗಳನ್ನು ನೆರೆಮನೆಯಲ್ಲಿ ಕಳೆದಿದ್ದ. ಅವನ ಒಂದು ಹುಟ್ಟುಹಬ್ಬವೂ ಆಸ್ಪತ್ರೆಯ ಮೊಗಸಾಲೆಯಲ್ಲಿಯೇ ಮುಗಿದಿತ್ತು.

2017ರ ವಸಂತದಲ್ಲಿ ಚಿಕಿತ್ಸೆ ಮುಗಿಯಿತು. ಔಷಧ ಕೊಡಲೆಂದು ಎದೆಯ ಚರ್ಮದಡಿ ಇರಿಸಿದ್ದ ಪೋರ್ಟನ್ನು ತೆಗೆದರು. ಅಂದು ಮನೆಯಲ್ಲಿ ಹಬ್ಬವಾಗಬೇಕಿತ್ತು. ಆದರೆ ಆ ತಾಯಿಗೆ ಭಯ ಆರಂಭವಾದುದೇ ಅಂದಿನಿಂದ. ಗುಳಿಗೆ ನುಂಗಿಸುವವರೆಗೆ ರೋಗದೊಡನೆ ಹೋರಾಡುತ್ತಿದ್ದೇವೆಂಬ ಧೈರ್ಯವಿತ್ತು. ಗುಳಿಗೆ ನಿಂತ ಮೇಲೆ ಕಾವಲೇ ಹೋದಂತಾಯಿತು. ರೋಗ ಮರಳುವುದಾದರೆ ಮೊದಲ ಕೆಲವು ವರ್ಷಗಳಲ್ಲಿ ಮರಳುವುದೇ ಹೆಚ್ಚು. ಆದುದರಿಂದ ವರ್ತುಲದ ಬಾಗಿಲು ತೆರೆದಿದ್ದರೂ ಆ ಮನೆಯವರು ಹೊರಗೆ ಕಾಲಿಟ್ಟಿರಲಿಲ್ಲ.

ಅಜ್ಜಿಯ ಮಾತು, ಮೊಮ್ಮಗನ ಉತ್ತರ

ಮಗುವಿಗೆ ಒಂದು ಆಸೆಯಿತ್ತು: ಅಮೆರಿಕದ ಫ್ಲಾರಿಡಾದಲ್ಲಿ 1971ರಲ್ಲಿ ಆರಂಭವಾದ ಡಿಸ್ನಿ ಲೋಕಕ್ಕೆ ಹೋಗಿ ಮಿಕ್ಕಿ ಮೌಸನ್ನು ಕಾಣಬೇಕೆಂಬುದು. ಮಕ್ಕಳ ಇಚ್ಛೆ ಪೂರೈಸುವ ಸಂಸ್ಥೆಯೊಂದು ನಾಲ್ವರ ಪಯಣಕ್ಕೂ ಏರ್ಪಾಡು ಮಾಡಲು ಮುಂದೆ ಬಂದಿತ್ತು. ಧಾರವಾಡದ ಅಜ್ಜಿಗೆ ಇದು ಸರಿಬರಲಿಲ್ಲ. ಸಾವಿನ ಬಾಯಿಂದ ಬಂದ ಕೂಸು ಮೊದಲು ತಮ್ಮ ಮಡಿಲಿಗೆ ಬರಬೇಕು, ಗುರುಗಳ ಪಾದಕ್ಕೆ ಎರಗಬೇಕು; ಅದನ್ನು ಬಿಟ್ಟು ಇಲಿಯ ದರ್ಶನಕ್ಕೆ ಹೋಗುವುದೇ ಎಂದು ಅವರು ನಮ್ಮೆದುರು ಕಣ್ಣೀರಿಟ್ಟಿದ್ದರು. ಮಗಳಿಗೆ ಬುದ್ಧಿ ಹೇಳಿರೆಂದು ನಮ್ಮನ್ನೇ ಕೋರಿದ್ದರು. ಅವರ ಮಾತು ನಮಗೂ ಸರಿಯೆನಿಸಿತ್ತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಎರಡನೆಯ ರಾತ್ರಿ ಪ್ರಸಾದವಾದ ಮೇಲೆ ವಿಷಯ ತೆಗೆದೆವು. ತಂದೆ ವೈದ್ಯರ ಸಲಹೆಯನ್ನು ತಿಳಿಸಿದರು. ಕೀಮೋ ಚಿಕಿತ್ಸೆಯಿಂದ ಹಿಂದಿನ ಲಸಿಕೆಗಳ ಬಲ ಕುಂದಿರುತ್ತದೆ. ದಡಾರದಂತಹ ಜೀವಂತ ಲಸಿಕೆಯನ್ನು ಮರಳಿ ಕೊಡಲು ಚಿಕಿತ್ಸೆ ಮುಗಿದು ಆರು ತಿಂಗಳಾಗಬೇಕು. ಅದಾದ ತರುವಾಯವೇ ಭಾರತದ ಪ್ರಯಾಣ. ತಾಯಿ ತಲೆ ತಗ್ಗಿಸಿ ಕುಳಿತಿದ್ದರು. ಆಗ ಮೂಲೆಯಲ್ಲಿದ್ದ ಮಗ ಮೆಲ್ಲನೆ ನುಡಿದ:

“ಊರಿಗೆ ಹೋದ್ರ ಎಲ್ಲಾರೂ ತಂಗೀನ್ನ ನೋಡಿ ಅಳ್ತಾರ. ಅಲ್ಲಿ ಯಾರೂ ಅಳಂಗಿಲ್ಲ ಅಜ್ಜಾ.”

ನಾವು ನಿರುತ್ತರರಾದೆವು.

ತಡವಾದ ಒಂದು ಪಯಣದ ನೆನಪು

ಆ ಕುಟುಂಬ ಇಳಿದುಕೊಳ್ಳಲಿದ್ದ ಸ್ಥಳ ಫ್ಲಾರಿಡಾದ ಕಿಸಿಮ್ಮಿಯಲ್ಲಿರುವ ‘ಗಿವ್ ಕಿಡ್ಸ್ ದಿ ವರ್ಲ್ಡ್’ ಗ್ರಾಮ. ಅದರ ಹುಟ್ಟಿನ ಕಥೆ ತಿಳಿಯತಕ್ಕದ್ದು. ಸಂಸ್ಥಾಪಕರಾದ ಹೆನ್ರಿ ಲ್ಯಾಂಡ್‌ವಿರ್ತ್ 1927ರಲ್ಲಿ ಬೆಲ್ಜಿಯಮ್ಮಿನಲ್ಲಿ ಜನಿಸಿದ ಯಹೂದ್ಯರು. ಬಾಲ್ಯವನ್ನು ನಾಜಿಗಳ ಸೆರೆಶಿಬಿರಗಳಲ್ಲಿ ಕಳೆದುಕೊಂಡರು, ಹೆತ್ತವರಿಬ್ಬರೂ ಹತರಾದರು. ಬರಿಗೈಯಲ್ಲಿ ಅಮೆರಿಕ ಸೇರಿ, ದುಡಿದು, ಹೋಟೆಲುಗಳ ಒಡೆಯರಾದರು. ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಎಮಿ ಎಂಬ ಆರು ವರ್ಷದ ಬಾಲಿಕೆ ಮಿಕ್ಕಿ ಮೌಸನ್ನು ಕಾಣಬಯಸಿದಾಗ ಅವರು ತಮ್ಮ ಹೋಟೆಲಿನಲ್ಲಿ ಕೋಣೆ ಕೊಟ್ಟರು. ಆದರೆ ಉಳಿದ ಏರ್ಪಾಡುಗಳು ತಡವಾದವು. ಮಗು ಬರಲಿಲ್ಲ; ಅಷ್ಟರೊಳಗೆ ತೀರಿಹೋಗಿತ್ತು. ಇನ್ನು ಯಾವ ಮಗುವಿಗೂ ಹೀಗೆ ತಡವಾಗಬಾರದೆಂದು ಪಣತೊಟ್ಟು ಅವರು 1986ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. 2018ರಲ್ಲಿ ನಿಧನರಾದರು.

ಅಲ್ಲಿ ಇಚ್ಛಾಪೂರ್ತಿ ಸಂಸ್ಥೆಗಳ ಮೂಲಕ ಬರುವ ಕುಟುಂಬಗಳಿಗೆ ಒಂದು ವಾರ ಸ್ವತಂತ್ರ ಮನೆ, ಊಟ, ವಿನೋದ ಎಲ್ಲವೂ ಉಚಿತ. 75ಕ್ಕೂ ಹೆಚ್ಚು ದೇಶಗಳ ಕುಟುಂಬಗಳು ಅಲ್ಲಿ ತಂಗಿವೆ. ಬೆಳಗಿನ ಉಪಾಹಾರಕ್ಕೆ ಐಸ್‌ಕ್ರೀಮ್ ಬೇಡಿದರೂ ಯಾರೂ ಗದರಿಸುವುದಿಲ್ಲ. ಬಂದ ಪ್ರತಿ ಮಗುವಿನ ಹೆಸರಿನ ಚಿನ್ನದ ಬಣ್ಣದ ನಕ್ಷತ್ರವೊಂದನ್ನು ಅಲ್ಲಿಯ ಚಾವಣಿಯಲ್ಲಿ ಸೇರಿಸುತ್ತಾರೆ.

ಥರ್ಮಾಮೀಟರ್ ಮರೆತ ದಿನ

ಅಕ್ಟೋಬರಿನಲ್ಲಿ ಅವರು ಹೊರಟರು. ಮುಂದಿನ ಸಂಗತಿಯನ್ನು ಆ ತಾಯಿಯೇ 2018ರ ಡಿಸೆಂಬರಿನಲ್ಲಿ, ಮಕ್ಕಳೊಡನೆ ಧಾರವಾಡಕ್ಕೆ ಬಂದಾಗ ನಮಗೆ ಹೇಳಿದರು. ಪ್ರಯಾಣಕ್ಕೆ ಮುನ್ನ ಅವರು ರಕ್ತಪರೀಕ್ಷೆ ಮಾಡಿಸಿದ್ದರು; ಚಿಕಿತ್ಸೆಯ ವಿವರವುಳ್ಳ ವೈದ್ಯರ ಪತ್ರ ಪಡೆದಿದ್ದರು; ಔಷಧಗಳನ್ನು ಕೈಚೀಲದಲ್ಲಿಯೇ ಇರಿಸಿಕೊಂಡಿದ್ದರು. ಬ್ರಿಟನ್ನಿನ ಉಚಿತ ವೈದ್ಯಸೇವೆ ಅಮೆರಿಕದಲ್ಲಿ ನಡೆಯುವುದಿಲ್ಲ, ಅಲ್ಲಿಯ ಆಸ್ಪತ್ರೆಯ ವೆಚ್ಚವೋ ಅಪಾರ. ಆದುದರಿಂದ ರೋಗದ ಪೂರ್ವವೃತ್ತಾಂತವನ್ನು ಮುಚ್ಚಿಡದೆ ತಿಳಿಸಿ ಪ್ರಯಾಣ ವಿಮೆ ಮಾಡಿಸಿದ್ದರು. ಬಿಸಿಲಿಗೆ ಟೋಪಿ, ಲೇಪನಗಳೂ ಇದ್ದವು. ಈ ಔಷಧಗಳನ್ನು ಪಡೆದ ಮಕ್ಕಳ ಚರ್ಮ ಬಿಸಿಲಿಗೆ ಬೇಗ ಕಂದುತ್ತದೆ.

ಒಂಬತ್ತು ಗಂಟೆಗಳ ವಿಮಾನಯಾನದಲ್ಲಿ ತಾಯಿ ಆಸ್ಪತ್ರೆಯಿಂದ ಎಷ್ಟು ದೂರ ಬಂದೆವೆಂದು ಎಣಿಸುತ್ತಲೇ ಇದ್ದರಂತೆ. ಮೊದಲ ಮೂರು ರಾತ್ರಿ ಮಲಗಿದ ಮಗಳ ಹಣೆ ಮುಟ್ಟಿ, ಥರ್ಮಾಮೀಟರ್ ಇಟ್ಟು ನೋಡಿದರು. ನಾಲ್ಕನೆಯ ದಿನ ಮಗ, ಮಗಳು ಇಬ್ಬರೂ ನೀರಿನಲ್ಲಿ ಆಡಿ ದಣಿದು ಬಂದು ಒಂದೇ ಹಾಸಿಗೆಯಲ್ಲಿ ನಿದ್ರೆ ಹೋದರು. ಬೆಳಿಗ್ಗೆ ಎದ್ದಾಗ ತಾಯಿಗೆ ಅರಿವಾಯಿತು: ಎರಡೂವರೆ ವರ್ಷಗಳಲ್ಲಿ ಮೊದಲ ಬಾರಿಗೆ ತಾವು ಶಾಖ ನೋಡುವುದನ್ನು ಮರೆತಿದ್ದರು. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. ಪಕ್ಕದಲ್ಲಿದ್ದ ಅಜ್ಜಿಯೂ ಕೇಳುತ್ತಿದ್ದರು. ಅವರು ಮಾತಾಡಲಿಲ್ಲ, ಮೊಮ್ಮಗನನ್ನು ಹತ್ತಿರಕ್ಕೆ ಕರೆದು ತಟ್ಟೆಗೆ ಇನ್ನೊಂದು ಹೋಳಿಗೆ ಬಡಿಸಿದರು. ಅದುವರೆಗೆ ಮನೆಯವರ ಕಣ್ಣೆಲ್ಲ ಮೊಮ್ಮಗಳ ಮೇಲೆಯೇ ಇತ್ತು.

ವಾಚಕ ಬಂಧುಗಳೇ, ಪಯಣದಿಂದ ರೋಗ ವಾಸಿಯಾಗುವುದಿಲ್ಲ. ಅದನ್ನು ವಾಸಿಮಾಡಿದುದು ವೈದ್ಯರ ವಿದ್ಯೆ. ಪಯಣದಿಂದ ಮನೆಯವರಿಗೆ ದೊರೆತುದು ಒಂದು ರಾತ್ರಿಯ ಮರೆವು, ಅಣ್ಣನಿಗೆ ದೊರೆತುದು ತನ್ನ ತಂದೆತಾಯಿ. ಎಲ್ಲರಿಗೂ ಅಮೆರಿಕ ಸಾಧ್ಯವಿಲ್ಲ, ಸಾಧ್ಯವಾಗಬೇಕಾದುದೂ ಇಲ್ಲ. ಇಂತಹ ಮನೆ ನಿಮ್ಮ ಬಳಗದಲ್ಲಿದ್ದರೆ, ವೈದ್ಯರ ಅನುಮತಿ ಪಡೆದು ಅವರನ್ನು ನಾಲ್ಕು ದಿನ ಒಂದು ಗಂಟೆಯ ದಾರಿಯಾಚೆಗೆ ಕರೆದೊಯ್ಯಿರಿ. ಅಲ್ಲಿ ರೋಗದ ಮಾತೆತ್ತಬೇಡಿ. ಮಗುವನ್ನು ನೋಡಿ ಅಳಬೇಡಿ. ಅದರ ಅಣ್ಣ, ಅಕ್ಕ, ತಮ್ಮ, ತಂಗಿಯರನ್ನೂ ಹೆಸರು ಹಿಡಿದು ಕರೆದು ಮಾತಾಡಿಸಿ.

ಆ ಬಾಲಿಕೆ ಈಗ ಕಾಲೇಜು ಮೆಟ್ಟಿಲೇರುವ ವಯಸ್ಸಿನವಳು, ಆರೋಗ್ಯವಾಗಿದ್ದಾಳೆ. ಮಣಿಗಳ ಸರವನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದಾಳಂತೆ. ಎಲ್ಲ ಮನೆಗಳಲ್ಲಿಯೂ ಅಂತಹ ಸರಗಳು ಪೆಟ್ಟಿಗೆ ಸೇರಲೆಂದು ಹಾರೈಸುತ್ತೇವೆ.