ಅಂಕದಿಂದ ಅಂಕಣದವರೆಗೆ: ಬಾಗಲಕೋಟೆ ಪರಿಸರದ ಕತ್ತಿವರಸೆ ಮತ್ತು ವಿದ್ಯಾರ್ಥಿ ಸ್ಪರ್ಧೆಯ ಪ್ರಶ್ನೆ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪರಿಸರದಲ್ಲಿ ಕತ್ತಿಯು ಅಪರಿಚಿತ ವಸ್ತುವಲ್ಲ. ಅದು ವೀರಗಲ್ಲುಗಳಲ್ಲಿದೆ, ಗುಡಿಗಳ ಶಿಲ್ಪದಲ್ಲಿದೆ, ವೀರಭದ್ರನ ಕೈಯಲ್ಲಿದೆ, ಪುರವಂತರ ಕುಣಿತದಲ್ಲಿದೆ. ಮಹಾನವಮಿಯ ಆಯುಧಪೂಜೆಗೆ ಉತ್ತರ ಕರ್ನಾಟಕದ ಜನ ಬಳಸುವ ‘ಖಂಡೇಪೂಜೆ’ ಎಂಬ ಹೆಸರಿನಲ್ಲಿರುವ ‘ಖಂಡೆ’ಯೂ ಕತ್ತಿಯೇ. ಆದರೆ ಇಬ್ಬರು ಸಮಬಲರು ನಿಯಮಬದ್ಧವಾಗಿ, ಪ್ರೇಕ್ಷಕರ ಸಮಕ್ಷಮದಲ್ಲಿ ಕತ್ತಿ ಹಿಡಿದು ಗೆಲವು-ಸೋಲುಗಳನ್ನು ನಿರ್ಣಯಿಸಿಕೊಳ್ಳುವ ಪದ್ಧತಿ ಈ ನೆಲದಲ್ಲಿ ಜೀವಂತ ಪರಂಪರೆಯಾಗಿ ಉಳಿದಿಲ್ಲ. ಕುಸ್ತಿ ಉಳಿದಿದೆ, ಗುಂಡು ಎತ್ತುವ ಸ್ಪರ್ಧೆ ಉಳಿದಿದೆ. ಕತ್ತಿಯ ಸ್ಪರ್ಧೆ ಮಾತ್ರ ಉಳಿಯಲಿಲ್ಲ. ವಿದ್ಯಾರ್ಥಿಗಳ ಸಮರಕಲೆಯ ಸಂಘವೊಂದು ಈ ಪರಿಸರದಲ್ಲಿ ಕತ್ತಿವರಸೆಯ ಸ್ಪರ್ಧೆಯನ್ನು ಏರ್ಪಡಿಸಬೇಕಾದರೆ ಅದಕ್ಕೆ ದೊರೆಯುವ ದೇಶೀಯ ಆಧಾರಗಳು ಯಾವುವು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಅಂಕ’ ಎಂಬ ಪದ

ಕನ್ನಡದಲ್ಲಿ ‘ಅಂಕ’ ಎಂಬ ಪದಕ್ಕೆ ಗುರುತು, ತೊಡೆ, ನಾಟಕದ ಭಾಗ, ಸಂಖ್ಯೆ ಎಂಬ ಅರ್ಥಗಳೊಂದಿಗೆ ಕಾಳಗ, ಅದರಲ್ಲಿಯೂ ದ್ವಂದ್ವಯುದ್ಧ ಎಂಬ ಅರ್ಥವೂ ಇದೆ. ಹಳಗನ್ನಡ ಕಾವ್ಯ ಹಾಗೂ ಶಾಸನಗಳಲ್ಲಿ ಬರುವ ‘ಅಂಕಕಾಱ’ ಎಂಬುದು ಹೀಗೆ ಪಂತಕ್ಕೆ ನಿಂತು ಹೋರಾಡುವ ವೀರನನ್ನು ಸೂಚಿಸುತ್ತದೆ. ಪದದ ಈ ಅರ್ಥ ಪೂರ್ಣವಾಗಿ ಮರೆಯಾಗಿಲ್ಲ. ತುಳುನಾಡಿನ ಕೋಳಿಕಾಳಗವನ್ನು ಇಂದಿಗೂ ‘ಕೋಳಿ ಅಂಕ’ ಎನ್ನುತ್ತಾರೆ. ಕೇರಳದ ವಡಕ್ಕನ್ ಪಾಟ್ಟುಗಳಲ್ಲಿ ವ್ಯಾಜ್ಯ ತೀರ್ಮಾನಕ್ಕಾಗಿ ಚೇಕವರು ಕತ್ತಿ ಹಿಡಿದು ನಡೆಸುವ ಕಾಳಗಕ್ಕೂ ‘ಅಂಕಂ’ ಎಂಬುದೇ ಹೆಸರು. ಮನುಷ್ಯರ ಅಂಕ ನಿಂತ ಮೇಲೂ ಕೋಳಿಯ ಅಂಕ ಆ ಪದವನ್ನು ಕಾಪಾಡಿಕೊಂಡು ಬಂದಿರುವುದು ಗಮನಾರ್ಹ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (ಕ್ರಿ.ಶ. 1126–1138) ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳನ್ನು ನಿರೂಪಿಸುವ ಭಾಗವೊಂದಿದೆ. ಅದರಲ್ಲಿ ಶಸ್ತ್ರವಿನೋದ, ಅಂಕವಿನೋದ ಮತ್ತು ಮಲ್ಲವಿನೋದಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಡಲಾಗಿದೆ. ಶಸ್ತ್ರವನ್ನು ಪ್ರದರ್ಶಿಸುವುದು ಬೇರೆ, ಶಸ್ತ್ರಧಾರಿಗಳಿಬ್ಬರು ಎದುರುಬದುರಾಗಿ ಸೆಣಸುವುದು ಬೇರೆ, ಬರಿಗೈಯ ಮಲ್ಲಯುದ್ಧ ಬೇರೆ ಎಂಬ ಸ್ಪಷ್ಟ ವರ್ಗೀಕರಣ ಹನ್ನೆರಡನೆಯ ಶತಮಾನದ ಕನ್ನಡ ನಾಡಿನ ಅರಮನೆಯಲ್ಲಿ ಇತ್ತೆಂಬುದು ಇದರಿಂದ ತಿಳಿದುಬರುತ್ತದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆಗಳಲ್ಲಿ ವಿಂಗಡಿಸಿರುವ ಕ್ರಮವು ಸಮಬಲರನ್ನೇ ಜೋಡಿ ಮಾಡಬೇಕೆಂಬ ತಿಳಿವಳಿಕೆಗೆ ಸಾಕ್ಷಿ. ಇಂದಿನ ಜಾತ್ರೆಯ ಕುಸ್ತಿಯಲ್ಲಿ ಪಂಚರು ‘ಜೋಡಿ ಹಚ್ಚುವುದು’ ಇದೇ ವಿವೇಕದ ಮುಂದುವರಿಕೆಯಂತೆ ತೋರುತ್ತದೆ.

ಕಲ್ಲು ಹೇಳುವುದು, ಹೇಳದಿರುವುದು

ಬಾದಾಮಿಯ ಮೂರನೆಯ ಗುಹಾಲಯದ (ಕ್ರಿ.ಶ. 578) ತ್ರಿವಿಕ್ರಮನ ಶಿಲ್ಪದಲ್ಲಿ ಇತರ ಆಯುಧಗಳೊಡನೆ ಖಡ್ಗವೂ ಇದೆ. ಅದೇ ಊರಿನ ಬಂಡೆಯ ಮೇಲಿರುವ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ ತ್ರಿಪದಿಯ ಅತಿ ಪ್ರಾಚೀನ ಮಾದರಿಯೆಂದು ಪ್ರಸಿದ್ಧವಾಗಿದೆ. ಒಳ್ಳೆಯವರಿಗೆ ಒಳ್ಳೆಯವನೂ ಕೆಡುಕರಿಗೆ ಸಹಿಸಲಾಗದವನೂ ಆದ ವ್ಯಕ್ತಿಯ ಆದರ್ಶವನ್ನು ಅದು ಮುಂದಿಡುತ್ತದೆ. ಹುನಗುಂದ ತಾಲೂಕಿನ ಐಹೊಳೆಯು ‘ಅಯ್ಯಾವೊಳೆ ಐನೂರ್ವರು’ ಎಂಬ ವಣಿಕ ಸಂಘದ ಮೂಲನೆಲೆ. ತಮ್ಮ ಧರ್ಮವನ್ನು ‘ವೀರಬಣಂಜು ಧರ್ಮ’ವೆಂದು ಕರೆದುಕೊಂಡ ಈ ವರ್ತಕರು ದೂರದ ದಾರಿಗಳಲ್ಲಿ ಶಸ್ತ್ರಧಾರಿ ಕಾವಲುಗಾರರೊಂದಿಗೆ ಸಂಚರಿಸುತ್ತಿದ್ದರು. ಕತ್ತಿಯು ಅರಸನ ಸೈನ್ಯಕ್ಕಷ್ಟೇ ಸೀಮಿತವಾಗಿರಲಿಲ್ಲ, ವ್ಯಾಪಾರದ ಬದುಕಿನಲ್ಲಿಯೂ ಸೇರಿತ್ತು ಎಂಬುದಕ್ಕೆ ಇದು ನಿದರ್ಶನ.

ಈ ನಾಡಿನ ವೀರಗಲ್ಲುಗಳ ಸಾಮಾನ್ಯ ಸ್ವರೂಪ ಪರಿಚಿತವೇ ಆಗಿದೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ದೇವಕನ್ಯೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ದೇವಸಾನ್ನಿಧ್ಯ. ಬಲಗೈಯಲ್ಲಿ ಎತ್ತಿದ ಕತ್ತಿ, ಎಡಗೈಯಲ್ಲಿ ಹಲಗೆ ಅಥವಾ ಗುರಾಣಿ, ಮುಂದಿಟ್ಟ ಕಾಲು ಇವು ಮತ್ತೆ ಮತ್ತೆ ಕಾಣುವ ಭಂಗಿ. ಇದರಿಂದ ಆಯುಧದ ಆಕಾರವನ್ನೂ ಅದನ್ನು ಹಿಡಿಯುವ ಬಗೆಯನ್ನೂ ಊಹಿಸಬಹುದು. ಆದರೆ ಮುಂದಿನ ಹೆಜ್ಜೆ ಯಾವುದು, ಬಂದ ಏಟನ್ನು ಗುರಾಣಿಯಿಂದ ತಡೆಯಬೇಕೋ ಸರಿದು ತಪ್ಪಿಸಬೇಕೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ವೀರಗಲ್ಲು ಮರಣದ ಸ್ಮಾರಕವೇ ಹೊರತು ಶಿಕ್ಷಣದ ಪಠ್ಯವಲ್ಲ. ಆದ್ದರಿಂದ ಶಿಲ್ಪವೊಂದನ್ನೇ ಆಧರಿಸಿ ‘ಚಾಲುಕ್ಯರ ಕತ್ತಿವರಸೆ’ಯನ್ನು ಪುನರ್ನಿರ್ಮಿಸುವುದು ಶಾಸ್ತ್ರೀಯವೆನಿಸಲಾರದು.

ರನ್ನನ ನಾಡಿನ ದ್ವಂದ್ವ

ದ್ವಂದ್ವಯುದ್ಧವನ್ನು ಕೇಂದ್ರವಾಗಿಸಿಕೊಂಡ ಕನ್ನಡದ ಶ್ರೇಷ್ಠ ಕಾವ್ಯ ಹುಟ್ಟಿದ್ದು ಇದೇ ಪ್ರದೇಶದ ಕವಿಯಿಂದ. ‘ಸಾಹಸಭೀಮವಿಜಯ’ ಅಥವಾ ‘ಗದಾಯುದ್ಧ’ವನ್ನು ರಚಿಸಿದ ರನ್ನ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದವನು. ಅವನು ಭೀಮನೊಂದಿಗೆ ಸಮೀಕರಿಸಿದ ಆಶ್ರಯದಾತ ಸತ್ಯಾಶ್ರಯನ ಬಿರುದು ‘ಇಱಿವಬೆಡಂಗ’. ‘ಇಱಿ’ ಎಂದರೆ ತಿವಿ, ಹೊಡೆ, ಹೋರಾಡು. ‘ಬೆಡಂಗು’ ಎಂದರೆ ಸೊಗಸು. ಇಱಿಯುವುದರಲ್ಲಿ ಸೊಗಸುಳ್ಳವನು ಎಂಬ ಈ ಬಿರುದು ಶಸ್ತ್ರಪ್ರಯೋಗವನ್ನು ಬಲದ ವಿಷಯವಾಗಿ ಮಾತ್ರವಲ್ಲದೆ ಕಲೆಯಾಗಿಯೂ ಕಾಣುತ್ತದೆ.

ಆ ಕಥೆಯ ಆಯುಧ ಗದೆಯೇ ಹೊರತು ಕತ್ತಿಯಲ್ಲ. ಆದರೂ ಸ್ಪರ್ಧೆಯ ದೃಷ್ಟಿಯಿಂದ ಅದು ಎತ್ತುವ ಪ್ರಶ್ನೆ ಮೂಲಭೂತವಾದುದು. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ಭೀಮ ದುರ್ಯೋಧನನ ತೊಡೆಗೆ ಹೊಡೆದು ಗೆಲ್ಲುತ್ತಾನೆ. ಗುರುವಾದ ಬಲರಾಮ ಕೋಪಗೊಳ್ಳುತ್ತಾನೆ. ಯಾವ ಅಂಗಕ್ಕೆ ಹೊಡೆಯಬಹುದು, ನಿಯಮ ಮೀರಿದ ಗೆಲವು ಗೆಲವೇ, ಅದನ್ನು ನಿರ್ಣಯಿಸುವವರು ಯಾರು ಎಂಬ ಮೂರು ಪ್ರಶ್ನೆಗಳು ಇಲ್ಲಿವೆ. ಯಾವುದೇ ಶಸ್ತ್ರಸ್ಪರ್ಧೆಯ ನಿಯಮಾವಳಿ ಮೊದಲು ಉತ್ತರಿಸಬೇಕಾದುದು ಇವುಗಳಿಗೇ.

ಕತ್ತಿ ಕೈಬಿಟ್ಟ ಬಗೆ

ಜನರ ಕೈಯಿಂದ ಕತ್ತಿ ಜಾರಿದ್ದು ಅಭಿರುಚಿಯ ಬದಲಾವಣೆಯಿಂದಷ್ಟೇ ಅಲ್ಲ. ಅದಕ್ಕೆ ನಿರ್ದಿಷ್ಟ ಚಾರಿತ್ರಿಕ ಕಾರಣವಿದೆ. 1857ರ ಬಂಡಾಯದ ಸಂದರ್ಭದಲ್ಲಿ ಬ್ರಿಟಿಷ್ ಸರಕಾರ ಜಾರಿಗೊಳಿಸಿದ ನಿಶ್ಶಸ್ತ್ರೀಕರಣ ಕಾಯ್ದೆಯನ್ವಯ ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕಾಗಿತ್ತು. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಹಲಗಲಿಯ ಮೇಲೆ ಬಿದ್ದು ಊರನ್ನು ಸುಟ್ಟಿತು. ಡಿಸೆಂಬರ್‌ನಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಕುರಿತ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನು. ಜನಪದ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹಲಗಲಿ ಪರಿಚಿತವಾಗಿರುವುದು ಹೋರಾಟದ ಹಾಡಾಗಿ. ಸಮರಕಲೆಯ ಇತಿಹಾಸಕ್ಕೆ ಅದು ಆಯುಧವೂ ಅಭ್ಯಾಸವೂ ಬೇರ್ಪಟ್ಟ ಗಳಿಗೆ. 1878ರ ಆಯುಧ ಕಾಯ್ದೆ ಈ ಬೇರ್ಪಡೆಯನ್ನು ಶಾಶ್ವತಗೊಳಿಸಿತು.

ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆ ಮತ್ತು ಅದರ ನಿಯಮಗಳು ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾಗಿರುವ ಹರಿತ ಆಯುಧಗಳನ್ನು ತಮ್ಮ ವ್ಯಾಪ್ತಿಗೆ ಸೇರಿಸಿಕೊಂಡಿವೆ. ಅಧಿಸೂಚಿತ ಪ್ರದೇಶಗಳಲ್ಲಿ ಅವುಗಳಿಗೆ ಪರವಾನಿಗೆ ಬೇಕು. ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಇದು ಸಹಜವೇ. ಹೀಗಾಗಿ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಹರಿತವಾದ ಕತ್ತಿ ಸಾಧನವಾಗಲಾರದು. ಕೋಲು, ಬೆತ್ತ ಅಥವಾ ಮೊಂಡಾದ ಅಲಗೇ ಅದರ ಸ್ಥಾನವನ್ನು ತುಂಬಬೇಕು.

ಉಳಿದ ನೆಲೆಗಳು

ಕತ್ತಿಯ ಚಲನೆಗಳು ಮೂರು ಆಶ್ರಯಗಳಲ್ಲಿ ಉಳಿದುಕೊಂಡವು. ಮೊದಲನೆಯದು ತಾಲೀಮು, ಅಂದರೆ ಗರಡಿಮನೆ. ಇಲ್ಲಿ ಕುಸ್ತಿಯದೇ ಮೇಲುಗೈಯಾದರೂ ವಸ್ತಾದರು ಲಾಠಿ ಮತ್ತು ದಾಂಡಪಟ್ಟಾಗಳ ವರಸೆಗಳನ್ನು ಕಲಿಸುವ ಕ್ರಮ ಈ ಭಾಗದಲ್ಲಿ ಇದ್ದಿತು. ‘ವಸ್ತಾದ’, ‘ಪೈಲವಾನ’, ‘ತಾಲೀಮು’ ಎಂಬ ಪದಗಳು ಫಾರಸಿ-ಅರಬಿ ಮೂಲದವು. ‘ಗರಡಿ’, ‘ಪಟ್ಟು’ ದೇಶೀಯ ಬಳಕೆಗಳು. ಆದಿಲಶಾಹಿ, ಮರಾಠಾ ಆಳ್ವಿಕೆಗಳ ಕಾಲದಲ್ಲಿ ನಡೆದ ಕೊಡುಕೊಳೆಯು ಈ ಮಿಶ್ರ ಪದಕೋಶದಲ್ಲಿ ಕಾಣುತ್ತದೆ.

ಎರಡನೆಯದು ಪುರವಂತಿಕೆ. ವೀರಭದ್ರನ ಗುಗ್ಗುಳದ ಮೆರವಣಿಗೆಯಲ್ಲಿ ಪುರವಂತರು ಕತ್ತಿ ಹಿಡಿದು, ದಕ್ಷಯಜ್ಞದ ಕಥೆಯನ್ನು ಒಡಪುಗಳಲ್ಲಿ ಹೇಳುತ್ತ, ವಾದ್ಯದ ಗತಿಗೆ ಹೆಜ್ಜೆ ಹಾಕುತ್ತಾರೆ. ಇಲ್ಲಿ ಎದುರಾಳಿ ಪೌರಾಣಿಕ ದಕ್ಷನೇ ಹೊರತು ಮುಂದೆ ನಿಂತ ಮನುಷ್ಯನಲ್ಲ. ಮೂರನೆಯದು ಮೊಹರಮ್ಮಿನ ಅಲಾಯಿ ಹಬ್ಬ. ಕರ್ಬಲಾದ ಕಥೆಯನ್ನು ಹೇಳುವ ರಿವಾಯತ್ ಪದಗಳ ಜೊತೆಗೆ ಹೆಜ್ಜೆಕುಣಿತ, ಲಾಠಿಯ ಆಟಗಳಲ್ಲಿ ಹಿಂದೂ-ಮುಸ್ಲಿಂ ಭೇದವಿಲ್ಲದೆ ಊರಿನವರು ಸೇರುವುದು ಉತ್ತರ ಕರ್ನಾಟಕದ ವೈಶಿಷ್ಟ್ಯ.

ಈ ಮೂರರಲ್ಲಿಯೂ ಹೆಜ್ಜೆ ಇದೆ, ಬೀಸು ಇದೆ, ಗತಿ ಇದೆ. ಇಲ್ಲದಿರುವುದು ಇಚ್ಛೆಯಂತೆ ವರ್ತಿಸುವ ಪ್ರತಿಸ್ಪರ್ಧಿ. ಮುಂದಿನ ಏಟು ಎಲ್ಲಿಂದ ಬರುವುದೆಂದು ಮೊದಲೇ ಗೊತ್ತಿರುವಲ್ಲಿ ಅದು ಪ್ರದರ್ಶನ. ಗೊತ್ತಿಲ್ಲದಲ್ಲಿ ಅದು ಅಂಕ. ಪರಂಪರೆ ಪ್ರದರ್ಶನವನ್ನು ಉಳಿಸಿತು, ಅಂಕವನ್ನು ಉಳಿಸಲಿಲ್ಲ.

ಅಭ್ಯಾಸವು ಸ್ಪರ್ಧೆಯಾಗುವ ಬಗೆ

ಬೇರೆಡೆ ಈ ಸಮಸ್ಯೆಯನ್ನು ಹೇಗೆ ಪರಿಹರಿಸಿಕೊಳ್ಳಲಾಗಿದೆ ಎಂಬುದು ಬೋಧಪ್ರದವಾಗಿದೆ. 1896ರಿಂದ ಒಲಿಂಪಿಕ್ಸ್‌ನಲ್ಲಿರುವ ಫೆನ್ಸಿಂಗ್ ಕ್ರೀಡೆಯಲ್ಲಿ ಫಾಯಿಲ್, ಏಪೇ, ಸೇಬರ್ ಎಂಬ ಮೂರು ಆಯುಧಗಳಿವೆ. ಅಂಕಣ 14 ಮೀಟರ್ ಉದ್ದದ ಕಿರಿದಾದ ಪಟ್ಟಿ. ಸೇಬರ್‌ನಲ್ಲಿ ಸೊಂಟದಿಂದ ಮೇಲಿನ ಭಾಗಕ್ಕೆ ಮಾತ್ರ ಹೊಡೆಯಬಹುದು. ಇದು ಗದಾಯುದ್ಧದ ನಿಯಮವನ್ನು ನೆನಪಿಸುತ್ತದೆ. ವೈಯಕ್ತಿಕ ನಾಕೌಟ್ ಹಂತದಲ್ಲಿ 15 ಸ್ಪರ್ಶಗಳನ್ನು ಮೊದಲು ಗಳಿಸಿದವರು ಗೆಲ್ಲುತ್ತಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೇಬರ್ ವಿಭಾಗದಲ್ಲಿ ಸ್ಪರ್ಧಿಸಿದ ತಮಿಳುನಾಡಿನ ಭವಾನಿದೇವಿ ಈ ಕ್ರೀಡೆಯಲ್ಲಿ ಒಲಿಂಪಿಕ್ಸ್ ಪ್ರವೇಶಿಸಿದ ಮೊದಲ ಭಾರತೀಯರು.

ಫಾಯಿಲ್ ಮತ್ತು ಸೇಬರ್‌ಗಳ ಒಂದು ನಿಯಮ ವಿಶೇಷ ಗಮನಕ್ಕೆ ಅರ್ಹ. ಇಬ್ಬರೂ ಏಕಕಾಲಕ್ಕೆ ಮುಟ್ಟಿದರೆ ಮೊದಲು ದಾಳಿ ಆರಂಭಿಸಿದವರಿಗೆ ಅಂಕ. ದಾಳಿಗೊಳಗಾದವರು ಮೊದಲು ಅದನ್ನು ತಡೆದು ಅನಂತರವೇ ಮರುಹೊಡೆತ ಕೊಡಬೇಕು. ಹರಿತ ಕತ್ತಿಯ ಕಾಳಗದಲ್ಲಿ ತಡೆಯದೆ ಮುನ್ನುಗ್ಗಿದವನು ತಾನೂ ಸಾಯುತ್ತಾನೆ. ಕೋಲಿನಲ್ಲಿ ಆಡುವಾಗ ಆ ಭಯ ಇಲ್ಲವಾಗುವುದರಿಂದ ಆಟಗಾರ ತನ್ನ ರಕ್ಷಣೆಯನ್ನು ಮರೆಯುತ್ತಾನೆ. ಇಲ್ಲವಾದ ಅಲಗಿನ ಭಯವನ್ನು ನಿಯಮದ ಮೂಲಕ ಮರಳಿ ತರುವುದು ಶಸ್ತ್ರಸ್ಪರ್ಧೆಯ ನಿಯಮಾವಳಿಯ ಮುಖ್ಯ ಕೆಲಸ.

ಪಂಜಾಬಿನ ಗತ್ಕಾ ಕತ್ತಿಯ ಬದಲು ಕೋಲನ್ನೂ ಗುರಾಣಿಯ ಬದಲು ‘ಫರಿ’ಯನ್ನೂ ಬಳಸಿ ಸ್ಪರ್ಧಾರೂಪ ಪಡೆಯಿತು. ಮಣಿಪುರದ ಥಾಂಗ್-ತಾ 1891ರ ಆಂಗ್ಲೋ-ಮಣಿಪುರಿ ಯುದ್ಧದ ತರುವಾಯ ನಿಷೇಧಕ್ಕೊಳಗಾಗಿಯೂ ಗುರುಪರಂಪರೆಯಲ್ಲಿ ಉಳಿದು ಮತ್ತೆ ಬೆಳಕಿಗೆ ಬಂದಿತು. 2022ರ ಜೂನ್‌ನಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಗತ್ಕಾ, ಥಾಂಗ್-ತಾ, ಕಳರಿಪಯಟ್ಟು, ಮಲ್ಲಕಂಬಗಳು ಸ್ಥಾನ ಪಡೆದವು. ಯುರೋಪಿನಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘಗಳೂ ಸೇರಿದಂತೆ ಅನೇಕ ಗುಂಪುಗಳು ಮಧ್ಯಯುಗದ ಸಚಿತ್ರ ಹಸ್ತಪ್ರತಿಗಳನ್ನು ಓದಿ, ಅದರಂತೆ ಅಭ್ಯಾಸ ಮಾಡಿ, ಸ್ಪರ್ಧೆಗಳ ಮೂಲಕ ತಮ್ಮ ಅರ್ಥೈಸುವಿಕೆಯನ್ನು ಪರೀಕ್ಷಿಸುತ್ತವೆ. ಅಲ್ಲಿ ಪಠ್ಯ ಉಳಿದು ಗುರುಪರಂಪರೆ ಕಡಿದಿದೆ. ಬಾಗಲಕೋಟೆ ಪರಿಸರದಲ್ಲಿ ಸ್ಥಿತಿ ಇದಕ್ಕೆ ವಿರುದ್ಧ: ಚಲನೆ ಅಲ್ಪಸ್ವಲ್ಪ ಉಳಿದಿದೆ, ಅದನ್ನು ವಿವರಿಸುವ ಪಠ್ಯವಿಲ್ಲ.

ವಿದ್ಯಾರ್ಥಿ ಸಂಘದ ಹೊಣೆ

ಈ ಹಿನ್ನೆಲೆಯಲ್ಲಿ ವಿದ್ಯಾರ್ಥಿ ಸಂಘವು ಏರ್ಪಡಿಸುವ ಸ್ಪರ್ಧೆ ಪದಕ ವಿತರಣೆಯಲ್ಲಿ ಮುಗಿಯುವ ಕಾರ್ಯಕ್ರಮವಾಗಬೇಕಿಲ್ಲ. ಅದಕ್ಕೆ ಮೂರು ಪೂರ್ವಸಿದ್ಧತೆಗಳು ಅಗತ್ಯ. ಮೊದಲನೆಯದು ದಾಖಲೆ. ವಯಸ್ಸಾದ ವಸ್ತಾದರಿಂದ, ಪುರವಂತರಿಂದ, ಅಲಾಯಿ ಕುಣಿತದ ಹಿರಿಯರಿಂದ ಪ್ರತಿಯೊಂದು ವರಸೆಯ ಹೆಸರನ್ನು ಅವರ ಬಾಯಿಮಾತಿನಲ್ಲಿಯೇ ಬರೆದುಕೊಳ್ಳಬೇಕು, ಹೆಜ್ಜೆಯನ್ನು ಚಿತ್ರೀಕರಿಸಬೇಕು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಓಣಿಗಳು ಮುಳುಗಡೆಯಾಗಿ ಜನವಸತಿ ನವನಗರಕ್ಕೆ ಸ್ಥಳಾಂತರಗೊಂಡಿದೆ. ಓಣಿಯೊಂದಿಗೆ ಬೆಳೆದ ಕಲೆಗೆ ಓಣಿಯೇ ಚದುರಿದಾಗ ಒದಗುವ ಅಪಾಯವನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ನಿಯಮ. ಹೊಡೆಯಬಹುದಾದ ಅಂಗ, ಏಕಕಾಲದ ಏಟಿನ ನಿರ್ಣಯ, ಜೋಡಿ ಹಚ್ಚುವ ಕ್ರಮ, ತಲೆ ಮತ್ತು ಬೆರಳುಗಳ ರಕ್ಷಣೆ ಇವು ಸ್ಪರ್ಧೆಗೆ ಮೊದಲೇ ಲಿಖಿತವಾಗಿರಬೇಕು. ಹೆಣ್ಣುಮಕ್ಕಳ ವಿಭಾಗವೂ ಆರಂಭದಿಂದಲೇ ಇರಬೇಕು. ಹಳೆಯ ಗರಡಿಯ ಬಾಗಿಲು ಅವರಿಗೆ ತೆರೆದಿರಲಿಲ್ಲವೆಂಬುದು ಹೊಸ ಅಂಕಣಕ್ಕೆ ಮಾದರಿಯಾಗಬೇಕಿಲ್ಲ. ಮೂರನೆಯದು ಭಾಷೆ. ಅಲಗು, ಮೊನೆ, ಹಿಡಿ, ಒರೆ, ಬೀಸು, ತಡೆ, ತಿವಿತ, ಮರುಹೊಡೆತ ಎಂಬ ಪದಗಳು ಕನ್ನಡದಲ್ಲಿ ಸಿದ್ಧವಾಗಿವೆ. ಕೆಂಡೊ ಕ್ರೀಡೆಯಲ್ಲಿ ಪಂಚರ ಆಜ್ಞೆಗಳು ಎಲ್ಲ ದೇಶಗಳಲ್ಲಿಯೂ ಜಪಾನಿ ಭಾಷೆಯಲ್ಲಿವೆ. ಫೆನ್ಸಿಂಗ್‌ನಲ್ಲಿ ಫ್ರೆಂಚ್ ಭಾಷೆಯಲ್ಲಿವೆ. ಕ್ರೀಡೆಯೊಂದು ತನ್ನ ಮೂಲಭಾಷೆಯನ್ನು ಎಷ್ಟು ದೂರ ಕೊಂಡೊಯ್ಯಬಲ್ಲದೆಂಬುದಕ್ಕೆ ಇವು ಸಾಕ್ಷಿ.

ಒಟ್ಟಾರೆ, ಈ ಪರಿಸರದಲ್ಲಿ ಕತ್ತಿವರಸೆಯ ಅಂಗಗಳು ಬಿಡಿಬಿಡಿಯಾಗಿ ಉಳಿದಿವೆ. ವರ್ಗೀಕರಣ ‘ಮಾನಸೋಲ್ಲಾಸ’ದಲ್ಲಿ, ನ್ಯಾಯದ ಪ್ರಶ್ನೆ ಗದಾಯುದ್ಧದ ಕಥೆಯಲ್ಲಿ, ಭಂಗಿ ವೀರಗಲ್ಲಿನಲ್ಲಿ, ಚಲನೆ ತಾಲೀಮು ಮತ್ತು ಹಬ್ಬಗಳಲ್ಲಿ, ಪಂಚರ ವ್ಯವಸ್ಥೆ ಜಾತ್ರೆಯ ಕುಸ್ತಿಕಣದಲ್ಲಿ ಇದೆ. ಇವುಗಳಲ್ಲಿ ಗ್ರಂಥವೂ ಕಲ್ಲೂ ಕಾಯಬಲ್ಲವು. ಮನುಷ್ಯರ ಮೈಯಲ್ಲಿರುವ ಚಲನೆ ಕಾಯಲಾರದು. ಆದ್ದರಿಂದ ವಿದ್ಯಾರ್ಥಿಗಳ ಕೆಲಸ ಆರಂಭವಾಗಬೇಕಾದುದು ತಾಲೀಮಿನ ಹಿರಿಯರ ಮುಂದೆ. ಸ್ಪರ್ಧೆಯ ಅಂಕಣ ಅನಂತರದ್ದು.