ಮಾತ್ರೆಯೂ ಮಾರ್ಗವೂ

ಮಾತ್ರೆ, ಮಾರ್ಗ ಎಂಬೆರಡು ಶಬ್ದಗಳು ಸಾಹಿತ್ಯವ್ಯಾಸಂಗಿಗಳಿಗೆ ಚಿರಪರಿಚಿತವಾದುವು. ಛಂದಸ್ಸಿನಲ್ಲಿ ಮಾತ್ರೆಯು ಉಚ್ಚಾರಣಕಾಲದ ಅಳತೆ. ಅಲಂಕಾರಶಾಸ್ತ್ರದಲ್ಲಿ ಮಾರ್ಗವು ರಚನೆಯ ರೀತಿ. ಪುಲಿಗೆರೆಯನ್ನು, ಎಂದರೆ ಇಂದಿನ ಲಕ್ಷ್ಮೇಶ್ವರವನ್ನು, ತಿರುಳ್ಗನ್ನಡದ ನೆಲೆಗಳಲ್ಲಿ ಎಣಿಸಿದ ಲಕ್ಷಣಗ್ರಂಥದ ಹೆಸರೂ ಕವಿರಾಜಮಾರ್ಗವೇ. ವೈದ್ಯಶಾಸ್ತ್ರದಲ್ಲಿಯಾದರೋ ಮಾತ್ರೆಯೆಂದರೆ ಔಷಧದ ಪ್ರಮಾಣ; ಮಾರ್ಗವೆಂದರೆ ಅದು ದೇಹವನ್ನು ಪ್ರವೇಶಿಸುವ ದಾರಿ.

ಲಕ್ಷ್ಮೇಶ್ವರ, ಗದಗ-ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳ ಜನರು ನುಂಗುವ ಮದ್ದನ್ನು ‘ಗುಳಿಗೆ’ಯೆಂದೂ ಚುಚ್ಚುವ ಮದ್ದನ್ನು ‘ಸೂಜಿ’ಯೆಂದೂ ಕರೆವರು. ಮೈಸೂರು ಸೀಮೆಯಲ್ಲಿ ಗುಳಿಗೆಗೇ ಮಾತ್ರೆಯೆಂಬ ಹೆಸರು ರೂಢವಾಗಿ, ಪ್ರಮಾಣವೆಂಬ ಮೂಲಾರ್ಥವು ಮರೆಯಾಗಿದೆ. ಗುಳಿಗೆಗಿಂತ ಸೂಜಿಯೇ ಮೇಲೆಂಬ ಭಾವನೆಯಾದರೋ ಎರಡೆಡೆಯೂ ಉಂಟು. ಇದನ್ನು ಪರೀಕ್ಷಿಸುವುದಕ್ಕೆ, ಚರಕನು ‘ಛರ್ದಿನಿಗ್ರಹಣ’ವೆಂದು ಕರೆದ ವರ್ಗದ, ಅರ್ಥಾತ್ ವಾಂತಿಯನ್ನು ತಡೆಯುವ, ಇಂದಿನ ಔಷಧಗಳೇ ತಕ್ಕ ನಿದರ್ಶನ.

ಡೊಂಪೆರಿಡೋನ್ ಎಂಬ ಔಷಧವನ್ನು ನುಂಗಿದಾಗ ಅದರ ಬಹುಭಾಗವು ಕರುಳಿನ ಭಿತ್ತಿಯಲ್ಲಿಯೂ ಯಕೃತ್ತಿನಲ್ಲಿಯೂ ವಿಘಟಿತವಾಗಿ, ನೂರಕ್ಕೆ ಸುಮಾರು ೧೫ ಭಾಗವಷ್ಟೇ ರಕ್ತವನ್ನು ಸೇರುವುದು. ರಕ್ತನಾಳಕ್ಕೆ ಕೊಟ್ಟರೆ ಈ ಎರಡು ತಡೆಗಳೂ ಇಲ್ಲ. ಹೀಗೆ ಅಧಿಕ ಪ್ರಮಾಣದಲ್ಲಿ ಪಡೆದ ರೋಗಿಗಳಲ್ಲಿ ಹೃದಯದ ಲಯ ಕೆಟ್ಟು ಮರಣಗಳು ಸಂಭವಿಸಿದುದರಿಂದ, ೧೯೮೦ರ ದಶಕದಲ್ಲಿ ಅದರ ಸೂಜಿಮದ್ದನ್ನು ಹಿಂತೆಗೆದುಕೊಂಡರು. ಗುಳಿಗೆಯು ಉಳಿಯಿತು, ಅದಕ್ಕೂ ೨೦೧೪ರಲ್ಲಿ ಯೂರೋಪಿನ ನಿಯಂತ್ರಕರು, ವಯಸ್ಕರಿಗೆ ೧೦ ಮಿಲಿಗ್ರಾಮಿನಂತೆ ದಿನಕ್ಕೆ ಮೂರು ಬಾರಿ ಮಾತ್ರವೆಂದು ಮಿತಿಯನ್ನು ವಿಧಿಸಿದರು.

ಒಂಡಾನ್ಸೆಟ್ರಾನ್ ಎಂಬುದು ನುಂಗಿದರೆ ನೂರಕ್ಕೆ ಸುಮಾರು ೬೦ ಭಾಗ ರಕ್ತಗತವಾಗುವುದು. ಇದನ್ನು ರಕ್ತನಾಳದಲ್ಲಿ ಒಮ್ಮೆಗೇ ೩೨ ಮಿಲಿಗ್ರಾಂ ಕೊಡುವ ಪದ್ಧತಿಯನ್ನು ಅಮೆರಿಕದ ನಿಯಂತ್ರಕರು ೨೦೧೨ರಲ್ಲಿ ಕೈಬಿಡಿಸಿ, ಒಮ್ಮೆಗೆ ೧೬ನ್ನು ಮೀರಲಾಗದೆಂದರು. ಇಲ್ಲಿಯೂ ಕಾರಣವು ಹೃದಯಲಯದ ಭಂಗವೇ.

ಮಾತ್ರೆ, ಮಾರ್ಗಗಳೆರಡೂ ಸಮನಾಗಿದ್ದರೂ ಗತಿಭೇದದಿಂದ ಫಲಭೇದವುಂಟು. ಮೆಟೊಕ್ಲೊಪ್ರಮೈಡನ್ನು ರಕ್ತನಾಳಕ್ಕೆ ವೇಗವಾಗಿ ಏರಿಸಿದರೆ ರೋಗಿಯು ಕುಳಿತಲ್ಲಿ ಕುಳಿತಿರಲಾರದೆ ಚಡಪಡಿಸುವ ಸಂಭವವು ಹೆಚ್ಚು; ಸುಮಾರು ೧೫ ನಿಮಿಷ ನಿಧಾನವಾಗಿ ಹರಿಸಿದರೆ ಕಡಿಮೆ.

ಇದರಿಂದ ಸೂಜಿಯು ತ್ಯಾಜ್ಯವೆಂದು ತಿಳಿಯಲಾಗದು. ನುಂಗಿದುದೆಲ್ಲವನ್ನೂ ಕಾರುವವನಿಗೆ ಗುಳಿಗೆಯಿಂದ ಪ್ರಯೋಜನವೇನು? ಆದರೆ ಸೂಜಿಯ ಹಿರಿಮೆಯು ರೋಗಿಯ ಸ್ಥಿತಿಯನ್ನು ಅವಲಂಬಿಸಿದುದೇ ಹೊರತು ಸ್ವತಃಸಿದ್ಧವಾದುದಲ್ಲ. ನುಂಗುವುದಕ್ಕೆ ಹೇಳಿದ ಪ್ರಮಾಣವು ಚುಚ್ಚುವುದಕ್ಕೂ ಸಲ್ಲುವುದೆಂಬ ನಿಯಮವಿಲ್ಲ. ಅದನ್ನು ನಿಶ್ಚಯಿಸತಕ್ಕವನು ವೈದ್ಯನು. ಚರಕಸಂಹಿತೆಯಲ್ಲಿ ಆಹಾರದ ಮಿತಿಯನ್ನು ಹೇಳುವ ಅಧ್ಯಾಯಕ್ಕೆ ‘ಮಾತ್ರಾಶಿತೀಯ’ವೆಂದೇ ಹೆಸರು. ಅನ್ನಕ್ಕೇ ಮಾತ್ರೆ ಬೇಕಾದಲ್ಲಿ ಔಷಧಕ್ಕೆ ಹೇಳತಕ್ಕುದೇನು?